ಹಾಟ್ ರಾಡ್ ರೋಡ್‌ಸ್ಟರ್ ಮನೇಲೇ ಕಟ್ಟೋದು ಹೇಗೆ? ಮತ್ತೆ ನಮ್ಮ ಶೆಡ್‌ನಲ್ಲಿರೋ ಅಂಬಾಸಿಡರ್ ಕಥೆ ಏನು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೋತೀವಿ ಅನ್ನೋರಿಗೋಸ್ಕರ ಎಂದಿನ ಹಾಗೆ ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಅಮೆರಿಕದ ಗ್ಯಾರೇಜ್ ಶೋಗಳನ್ನ ನೋಡಿದ ಮೇಲೆ ನಮ್ಮಲ್ಲಿ ಬಹಳ ಜನಕ್ಕೆ ಒಂದೇ ಆಸೆ ಬರುತ್ತೆ. ಊರಲ್ಲಿ ಅಜ್ಜನ ಕಾರೋ ಜೀಪೋ ಶೆಡ್‌ನಲ್ಲಿ ಧೂಳು ಹಿಡಿದು ನಿಂತಿದೆ, ಅದನ್ನೇ ಕತ್ತರಿಸಿ, ದೊಡ್ಡ ಎಂಜಿನ್ ಕೂರಿಸಿ, ಹಾಟ್ ರಾಡ್ ಮಾಡಿದ್ರೆ ಹೇಗೆ ಅಂತ. ನಮ್ಮ ಮನೇಲೂ ಇದೇ ಚರ್ಚೆ ನಡೀತಿದೆ. ದಾವಣಗೆರೆಯ ಮನೆ ಹಿಂದಿನ ಶೆಡ್‌ನಲ್ಲಿ ಅಜ್ಜ ಕೊಂಡ 1968ರ ಅಂಬಾಸಿಡರ್ ಮಾರ್ಕ್ ಟೂ ಇದೆ. ಚಿಕ್ಕಪ್ಪನಿಗೆ ಅದನ್ನ ಗುಜರಿಗೆ ಹಾಕಿ ಜಾಗ ಖಾಲಿ ಮಾಡ್ಬೇಕು. ಚಿಕ್ಕಪ್ಪನ ಮಗನಿಗೆ ಅದನ್ನ ಹಾಟ್ ರಾಡ್ ಮಾಡ್ಬೇಕು. ನಮ್ಮಪ್ಪ ಏನೂ ಹೇಳಲ್ಲ, ಆದ್ರೆ ವಾರಕ್ಕೊಮ್ಮೆ ಹೋಗಿ ಟಾರ್ಪಾಲ್ ಸರಿಮಾಡಿ ಬರ್ತಾರೆ. ಈ ಯುಗಾದಿಗೆ ಎಲ್ಲರೂ ಸೇರಿದಾಗ ತೀರ್ಮಾನ ಆಗ್ಬೇಕು.

ನಾನು ಆನ್‌ಸೈಟ್ ಅಂತ 14 ತಿಂಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಗ ಪಕ್ಕದ ಮನೆಯ ನಿವೃತ್ತ ಮೆಷಿನಿಸ್ಟ್ ಒಬ್ರು ತಮ್ಮ ಗ್ಯಾರೇಜ್‌ನಲ್ಲಿ 1932ರ ಫೋರ್ಡ್ ರೋಡ್‌ಸ್ಟರ್ ಕಟ್ತಿದ್ರು. ಭಾನುವಾರ ಸ್ಪ್ಯಾನರ್ ಹಿಡ್ಕೊಂಡು ಅವರ ಜೊತೆ ಇರ್ತಿದ್ದೆ. ಅಲ್ಲಿ ಕಲಿತದ್ದನ್ನ ಹೇಳ್ತೀನಿ. ಆಮೇಲೆ ಅದು ನಮ್ಮ ಅಂಬಾಸಿಡರ್‌ಗೆ ಎಷ್ಟು ಅನ್ವಯಿಸುತ್ತೆ ಅಂತ ನೋಡೋಣ.

ಹಾಟ್ ರಾಡ್ ಅಂದ್ರೆ ಏನು, 1932ರ ಫೋರ್ಡೇ ಯಾಕೆ?

ರೋಡ್‌ಸ್ಟರ್ ಅಂದ್ರೆ ಗಟ್ಟಿ ಚಾವಣಿ ಇಲ್ಲದ, ಬಾಗಿಲಿಗೆ ಏರಿಸಿ ಇಳಿಸೋ ಗಾಜಿಲ್ಲದ ಹಗುರ ಕಾರು. ಹಾಟ್ ರಾಡ್ ಅಂದ್ರೆ ಹಳೇ ಕಾರಿನ ಅನಗತ್ಯ ತೂಕ ಕಿತ್ತು ಹಾಕಿ, ಎಂಜಿನ್ ಬಲ ಹೆಚ್ಚಿಸಿ, ವೇಗಕ್ಕಂತ ಸಜ್ಜು ಮಾಡಿದ ಗಾಡಿ. ಇದರ ತವರು ದಕ್ಷಿಣ ಕ್ಯಾಲಿಫೋರ್ನಿಯಾ. ಅಲ್ಲಿನ ಮರುಭೂಮಿಯಲ್ಲಿ ಮ್ಯುರಾಕ್, ಎಲ್ ಮಿರಾಜ್ ಅನ್ನೋ ಒಣಗಿದ ಕೆರೆಗಳಿವೆ. ಮೈಲಿಗಟ್ಟಲೆ ಸಪಾಟು ನೆಲ. 1930ರ ದಶಕದಲ್ಲಿ ಹುಡುಗರು ಅಗ್ಗಕ್ಕೆ ಸಿಕ್ಕ ಹಳೇ ಫೋರ್ಡ್ ತಗೊಂಡು, ಮಡ್‌ಗಾರ್ಡ್ ಬಿಚ್ಚಿ, ಅಲ್ಲಿ ಓಡಿಸೋರು. ಈ ಓಟಗಳಿಗೆ ನಿಯಮ ತರೋಕೆ 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಶುರುವಾಯ್ತು. 1948ರ ಜನವರಿಯಲ್ಲಿ ಹಾಟ್ ರಾಡ್ ಅನ್ನೋ ಹೆಸರಿನ ಪತ್ರಿಕೆಯೇ ಬಂತು.

1932ರ ಮಾರ್ಚ್ ಕೊನೆಯಲ್ಲಿ ಫೋರ್ಡ್ ಕಂಪನಿ ಮಾಡೆಲ್ 18 ಬಿಟ್ಟಿತು. 221 ಕ್ಯೂಬಿಕ್ ಇಂಚಿನ, ಅಂದ್ರೆ ಸುಮಾರು 3.6 ಲೀಟರಿನ ವಿ-8 ಎಂಜಿನ್, 65 ಅಶ್ವಶಕ್ತಿ. ಆ ಕಾಲಕ್ಕೆ ವಿ-8 ಅಂದ್ರೆ ಸಾಹುಕಾರರ ಕಾರಿನ ಎಂಜಿನ್. ಫೋರ್ಡ್ ಅದರ ಇಡೀ ಬ್ಲಾಕನ್ನ ಒಂದೇ ಎರಕದಲ್ಲಿ ಹೊಯ್ದು ಸಾಮಾನ್ಯರ ಕೈಗೆಟುಕೋ ಬೆಲೆಗೆ ಇಳಿಸಿತು. ಹಗುರ ಗಾಡಿ, ಬಲವಾದ ಎಂಜಿನ್, ಬಿಚ್ಚಿ ಜೋಡಿಸೋಕೆ ಸುಲಭ. ಹುಡುಗರಿಗೆ ಇನ್ನೇನು ಬೇಕು? ಈ ಕಾರಿಗೆ 'ಡ್ಯೂಸ್' ಅಂತ ಅಡ್ಡಹೆಸರು. ಇಸ್ಪೀಟಿನ ಎರಡರ ಎಲೆಗೆ ಡ್ಯೂಸ್ ಅಂತಾರೆ, 32ರ ಎರಡರಿಂದ ಬಂದದ್ದು.

ರಿಸ್ಟೋರ್ ಬೇರೆ, ರಾಡ್ ಬೇರೆ

ಈ ಎರಡನ್ನ ನಾವು ಒಂದೇ ಅಂದ್ಕೊಂಡ್ಬಿಡ್ತೀವಿ. ರಿಸ್ಟೋರ್ ಅಂದ್ರೆ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಮಾಡೋದು. ಬಣ್ಣ, ಬೋಲ್ಟು, ಸೀಟಿನ ಬಟ್ಟೆ ಎಲ್ಲಾ. ರಾಡ್ ಅಂದ್ರೆ ಹಳೇ ಆಕಾರ ಉಳಿಸ್ಕೊಂಡು ಒಳಗಿನದನ್ನ ಬದಲಿಸೋದು. ನಮ್ಮ ಭಾಷೇಲಿ ಹೇಳೋದಾದ್ರೆ, ಒಂದು ಬ್ಯಾಕಪ್‌ನಿಂದ ಹಳೇ ಸಿಸ್ಟಮ್ ವಾಪಸ್ ಎಬ್ಬಿಸೋದು, ಇನ್ನೊಂದು ಅದೇ ಸ್ಕ್ರೀನ್ ಇಟ್ಕೊಂಡು ಬ್ಯಾಕೆಂಡ್ ಪೂರ್ತಿ ಬದಲಿಸೋದು. ಒಂದು ವ್ಯತ್ಯಾಸ ಇದೆ. ಲೋಹ ಕತ್ತರಿಸಿದ ಮೇಲೆ ರೋಲ್‌ಬ್ಯಾಕ್ ಇಲ್ಲ.

ಅದಕ್ಕೇ ಆ ಮೆಷಿನಿಸ್ಟ್ ತಾತ ಅಸಲಿ ಬಾಡಿ ಇರೋ ಒಳ್ಳೇ ಕಾರನ್ನ ಮುಟ್ಟಲಿಲ್ಲ. ಅಮೆರಿಕದಲ್ಲಿ 32ರ ರೋಡ್‌ಸ್ಟರ್‌ಗೆ ಹೊಸದಾಗಿ ಒತ್ತಿದ ಉಕ್ಕಿನ ಬಾಡಿ, ಹೊಸ ಚಾಸಿ ಎರಡೂ ಕೊಳ್ಳೋಕೆ ಸಿಗುತ್ತೆ. ಅವರು ಹೊಸ ಬಾಡಿ ತಗೊಂಡು, ಹಳೇ ಚಾಸಿ ಮೇಲೆ ಕೂರಿಸಿದ್ರು.

ಕೆಲಸದ ಕ್ರಮ

ಮೊದಲು ನಂಬರ್. 1932ರ ಫೋರ್ಡ್‌ನಲ್ಲಿ ಗುರುತಿನ ನಂಬರ್ ಚಾಸಿಯ ಪಟ್ಟಿ ಮೇಲೆ ಒತ್ತಿರುತ್ತೆ. ಅದು ದಾಖಲೆ ಜೊತೆ ಹೊಂದಿದ್ರೆ ಮಾತ್ರ ದುಡ್ಡು ಕೊಡ್ಬೇಕು. ಹೊಂದದಿದ್ರೆ ಅದು ಕಾರಲ್ಲ, ಕಬ್ಬಿಣ.

ಆಮೇಲೆ ಬಿಚ್ಚೋದು. ಪ್ರತಿ ಭಾಗದ ಫೋಟೋ, ಪ್ರತಿ ಬೋಲ್ಟ್ ಗುಂಪಿಗೆ ಒಂದು ಜಿಪ್ ಕವರ್, ಕವರ್ ಮೇಲೆ ಹೆಸರು, ದಿನಾಂಕ. ಬಿಚ್ಚೋಕೆ ಎರಡು ವಾರ ಸಾಕು, ಜೋಡಿಸೋಕೆ ಎರಡು ಮೂರು ವರ್ಷ ಹಿಡಿಯುತ್ತೆ. ಆಗ ಯಾವ ನಟ್ಟು ಎಲ್ಲಿಯದು ಅಂತ ನೆನಪಿಗೆ ಬರಲ್ಲ.

ಮೂರನೆಯದು ಚಾಸಿ. ಮೂಲ ಚಾಸಿಯ ಉದ್ದ ಪಟ್ಟಿಗಳು ಇಂಗ್ಲಿಷ್ 'ಸಿ' ಅಕ್ಷರದ ಆಕಾರ, ಒಂದು ಕಡೆ ತೆರೆದಿರುತ್ತೆ. 65 ಅಶ್ವಶಕ್ತಿಗೆ ಅದು ಸಾಕಿತ್ತು. ಅದರ ಎರಡು ಮೂರು ಪಟ್ಟು ಬಲ ಹಾಕಿದ್ರೆ ತಿರುಚಿಕೊಳ್ಳುತ್ತೆ. ಅದಕ್ಕೆ ತೆರೆದ ಕಡೆ ಉಕ್ಕಿನ ಪಟ್ಟಿ ವೆಲ್ಡ್ ಮಾಡಿ ಡಬ್ಬದ ಹಾಗೆ ಮುಚ್ತಾರೆ. ಬೆಂಕಿಪೊಟ್ಟಣದ ಹೊರಕವಚ ಕತ್ತರಿಸಿ ತೆರೆದು ತಿರುಚಿ ನೋಡಿ, ಮುಚ್ಚಿದ್ದನ್ನ ತಿರುಚಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತೆ.

ವೆಲ್ಡ್ ಮಾಡೋ ಮೊದಲು ಚಾಸಿ ಮೂಲೆಮಟ್ಟ ಇದೆಯಾ ಅಂತ ನೋಡ್ಬೇಕು. ಗಾರೆ ಕೆಲಸದವರ ತೂಗುಗುಂಡು ಸಾಕು. ಚಾಸಿಯ ಎರಡೂ ಪಕ್ಕದಲ್ಲಿ ಒಂದೇ ಜಾಗದ ತೂತುಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕೋದು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯೋದು. ಎರಡು ಕರ್ಣಗಳೂ ಒಂದೇ ಅಳತೆ ಬಂದ್ರೆ ಚಾಸಿ ನೆಟ್ಟಗಿದೆ. ವೆಲ್ಡಿಂಗ್ ಕೂಡ ಒಂದೇ ಉಸಿರಿಗೆ ಉದ್ದಕ್ಕೆ ಎಳೆಯೋ ಹಾಗಿಲ್ಲ, ಬಿಸಿಗೆ ಬಾಗುತ್ತೆ. ಒಂದೊಂದೇ ಇಂಚು, ಅತ್ತ ಸ್ವಲ್ಪ ಇತ್ತ ಸ್ವಲ್ಪ, ಮಧ್ಯೆ ಆರೋಕೆ ಬಿಡ್ಬೇಕು.

ನಾಲ್ಕನೆಯದು ಮುಂದಿನ ಆಕ್ಸಲ್, ಸ್ಟೀರಿಂಗ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತೆ, ಗಮನಿಸಿದ್ದೀರಾ? ಆ ವಾಲು ಸೈಕಲ್ ನೆಟ್ಟಗೆ ಹೋಗೋಕೆ ನೆರವಾಗುತ್ತೆ. ಕಾರಲ್ಲಿ ಅದಕ್ಕೆ ಕ್ಯಾಸ್ಟರ್ ಅಂತಾರೆ. ಇಂಥ ಹಳೇ ಆಕ್ಸಲ್‌ಗೆ ಸುಮಾರು 5ರಿಂದ 7 ಡಿಗ್ರಿ ಬೇಕು. ಹಾಟ್ ರಾಡ್ ಅಂದ್ರೆ ಮೂತಿ ತಗ್ಗಿಸಿ ನಿಂತಿರ್ಬೇಕು ಅನ್ನೋ ಆಸೆಗೆ ಮುಂದಿನ ಭಾಗ ಇಳಿಸಿದ್ರೆ ಈ ಡಿಗ್ರಿ ಕಡಿಮೆ ಆಗುತ್ತೆ, ಗಾಡಿ ವೇಗದಲ್ಲಿ ಅತ್ತಿತ್ತ ಅಲೆಯೋಕೆ ಶುರು. ಹಾಗಾಗಿ ಎತ್ತರ ಇಳಿಸಿದ ಮೇಲೆ ಕೋನವನ್ನ ಮತ್ತೆ ಅಳೆದು ಸರಿ ಮಾಡ್ಬೇಕು.

ಐದನೆಯದು ಬ್ರೇಕ್. 1932ರ ಫೋರ್ಡ್‌ನಲ್ಲಿ ಪೆಡಲ್‌ನಿಂದ ಚಕ್ರದ ತನಕ ಕಬ್ಬಿಣದ ಸರಳು. ಎಣ್ಣೆ ಬ್ರೇಕ್, ಅಂದ್ರೆ ಹೈಡ್ರಾಲಿಕ್, ಫೋರ್ಡ್ ಕಾರಿಗೆ ಬಂದಿದ್ದು 1939ರಲ್ಲಿ. ಅದಕ್ಕೇ ಹಳೇ ರಾಡರ್‌ಗಳು ಮೊದಲು ಮಾಡ್ತಿದ್ದ ಬದಲಾವಣೆಗಳಲ್ಲಿ ಒಂದು 39ರಿಂದ 48ರ ಫೋರ್ಡ್ ಬ್ರೇಕ್ ಹಾಕೋದು. ಇಲ್ಲಿ ಒಂದು ಸೂಕ್ಷ್ಮ ಇದೆ. ಮಾಸ್ಟರ್ ಸಿಲಿಂಡರ್ ಪೆಡಲ್ ಕೆಳಗೆ, ಚಾಸಿ ಮಟ್ಟದಲ್ಲಿ ಕೂರುತ್ತೆ. ಚಕ್ರದ ಬ್ರೇಕ್ ಅದಕ್ಕಿಂತ ಮೇಲಿದ್ರೆ ಎಣ್ಣೆ ವಾಪಸ್ ಹರಿದುಬರುತ್ತೆ, ಮುಂದಿನ ಸಲ ಪೆಡಲ್ ಒತ್ತಿದಾಗ ಕಾಲು ಕೆಳಗಿಳಿಯುತ್ತೆ, ಬ್ರೇಕ್ ಹಿಡಿಯಲ್ಲ. ಇದನ್ನ ತಡೆಯೋಕೆ ಸಾಲಿನಲ್ಲಿ ಸಣ್ಣ ವಾಲ್ವ್ ಹಾಕ್ತಾರೆ. ಡಿಸ್ಕ್‌ಗೆ 2 ಪಿಎಸ್‌ಐ, ಡ್ರಮ್‌ಗೆ 10 ಪಿಎಸ್‌ಐ ಒತ್ತಡ ಉಳಿಸ್ಕೊಳ್ಳೋದು.

ಆರನೆಯದು ಎಂಜಿನ್. ಹಳೇ ಫ್ಲಾಟ್‌ಹೆಡ್ ವಿ-8ನ ಸದ್ದು ಚೆಂದ, ಆದ್ರೆ ಬೇಗ ಬಿಸಿಯಾಗೋ ಕಾಯಿಲೆ. ಕಾರಣ ಸರಳ. ಸುಟ್ಟ ಹೊಗೆ ಹೊರಗೆ ಹೋಗೋ ದಾರಿಗಳು ಬ್ಲಾಕ್‌ನೊಳಗೇ, ತಣ್ಣಗಿನ ನೀರಿನ ಜಾಗದ ಮೂಲಕ ಹಾದುಹೋಗ್ತವೆ. ಹೊಗೆಯ ಶಾಖವೆಲ್ಲ ನೀರಿಗೆ. ಹಳೇ ಬ್ಲಾಕ್‌ಗಳಲ್ಲಿ ವಾಲ್ವ್ ಮತ್ತು ಸಿಲಿಂಡರ್ ಮಧ್ಯೆ ಕೂದಲೆಳೆ ಬಿರುಕೂ ಇರ್ಬಹುದು. ಅದಕ್ಕೆ ದುಡ್ಡು ಹಾಕೋ ಮೊದಲು ಬಿರುಕಿನ ಪರೀಕ್ಷೆ ಮಾಡಿಸ್ತಾರೆ. 1955ರಲ್ಲಿ ಷೆವ್ರೊಲೆಯ ಸಣ್ಣ ವಿ-8 ಬಂದ ಮೇಲೆ ಬಹಳ ಜನ ಅದಕ್ಕೇ ವಲಸೆ ಹೋದ್ರು. ನಮ್ಮ ಹಾಗೇ, ಕೆಲಸ ಎಲ್ಲಿ ಚೆನ್ನಾಗಿ ನಡೆಯುತ್ತೋ ಅಲ್ಲಿಗೆ!

ಏಳನೆಯದು ವೈರಿಂಗ್. ಹಳೇ ಫೋರ್ಡ್ 6 ವೋಲ್ಟ್, ಅದೂ ಪಾಸಿಟಿವ್ ಅರ್ಥ್. ಅಷ್ಟೇ ವ್ಯಾಟ್‌ನ ಬಲ್ಬ್‌ಗೆ 12 ವೋಲ್ಟ್‌ಗಿಂತ 6 ವೋಲ್ಟ್‌ನಲ್ಲಿ ದುಪ್ಪಟ್ಟು ಕರೆಂಟ್ ಹರಿಯುತ್ತೆ, ವೈರ್ ದಪ್ಪ ಬೇಕು. ಹೆಚ್ಚಿನವರು 12 ವೋಲ್ಟ್‌ಗೆ ಬದಲಿಸಿ, ಪ್ರತಿ ಸಾಲಿಗೂ ಫ್ಯೂಸ್ ಹಾಕ್ತಾರೆ. 90 ವರ್ಷದ ಬಟ್ಟೆ ಸುತ್ತಿದ ವೈರ್ ಉಳಿಸ್ಕೊಳ್ಳೋದು ಅಂದ್ರೆ ಬೆಂಕಿ ಸಾಕಿದ ಹಾಗೆ.

ಕೊನೆಗೆ ಬಾಡಿ. ರೋಡ್‌ಸ್ಟರ್‌ಗೆ ಚಾವಣಿ ಇಲ್ಲ, ಹಾಗಾಗಿ ಬಾಡಿ ಬಳುಕುತ್ತೆ. ಚಾಸಿಗೂ ಬಾಡಿಗೂ ಮಧ್ಯೆ ಇಡೋ ರಬ್ಬರ್ ಪ್ಯಾಡ್, ತೆಳು ತಗಡುಗಳನ್ನ ಹೆಚ್ಚು ಕಡಿಮೆ ಮಾಡಿದ್ರೆ ಬಾಗಿಲಿನ ಸಂದಿ ಬದಲಾಗುತ್ತೆ. ಬಾಗಿಲು ಸರಿಯಾಗಿ ಕೂತ ಮೇಲೇ ಟಿಂಕರಿಂಗ್, ತೇಪೆ ವೆಲ್ಡಿಂಗ್. ಮೊದಲೇ ವೆಲ್ಡ್ ಮಾಡಿದ್ರೆ ಬಾಗಿಲು ಜನ್ಮದಲ್ಲಿ ಮುಚ್ಚಲ್ಲ.

ಇಷ್ಟಾದ ಮೇಲೂ ಪೇಂಟ್ ಇಲ್ಲ! ಬರೀ ಲೋಹದಲ್ಲೇ ಪೂರ್ತಿ ಜೋಡಿಸಿ, ಓಡಿಸಿ, ಎಲ್ಲಿ ತಾಗುತ್ತೆ ಎಲ್ಲಿ ಸೋರುತ್ತೆ ನೋಡಿ, ಮತ್ತೆ ಎಲ್ಲಾ ಬಿಚ್ಚಿ, ಆಮೇಲೆ ಬಣ್ಣ. ನಮ್ಮಲ್ಲಿ ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಹಾಕಲ್ವಲ್ಲ, ಹಾಗೆ. ಮನೇಲಿ ಶುರುವಾದ ಎಷ್ಟೋ ಕಾರುಗಳು ಅರ್ಧಕ್ಕೆ ನಿಲ್ಲೋದು ಇಲ್ಲೇ. ಹೊಳೆಯೋ ಬಣ್ಣದ ಆಸೆಗೆ ಮೊದಲು ಪೇಂಟ್ ಮಾಡಿ, ಆಮೇಲೆ ಒಂದು ಬ್ರಾಕೆಟ್ ವೆಲ್ಡ್ ಮಾಡ್ಬೇಕು ಅಂದಾಗ ಕೈ ಬರಲ್ಲ.

ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಮಾತು

ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ. ಗಟ್ಟಿ ನೆಲ, ಸ್ಟ್ಯಾಂಡ್ ಕಡ್ಡಾಯ. ಖಾಲಿ ಪೆಟ್ರೋಲ್ ಟ್ಯಾಂಕ್ ಅಂತ ವೆಲ್ಡ್ ಮಾಡೋಕೆ ಹೋಗಬೇಡಿ. ದ್ರವ ಖಾಲಿ ಆದ್ರೂ ಆವಿ ಇರುತ್ತೆ, ಸಿಡಿಯೋದು ಆವಿಯೇ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗದಲ್ಲಿ ವೆಲ್ಡ್ ಮಾಡಿದ್ರೆ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟುತ್ತೆ. ಇನ್ನು ಗಟ್ಟಿಕಾರಕ ಬೆರೆಸೋ ಕಾರ್ ಪೇಂಟ್‌ನಲ್ಲಿ ಐಸೊಸೈನೇಟ್ ಇರುತ್ತೆ, ಶ್ವಾಸಕೋಶಕ್ಕೆ ಮಾರಕ. ಅದಕ್ಕೆ ಧೂಳಿನ ಮಾಸ್ಕ್ ಸಾಲಲ್ಲ, ಹೊರಗಿನ ಗಾಳಿ ಪೂರೈಸೋ ಮುಖಕವಚ ಬೇಕು. ಪೇಂಟ್ ಕೆಲಸ ಬೂತ್ ಇರೋರಿಗೆ ಕೊಡೋದೇ ವಾಸಿ.

ಕಾನೂನು ಏನು ಹೇಳುತ್ತೆ?

ಕ್ಯಾಲಿಫೋರ್ನಿಯಾದಲ್ಲಿ ಮನೇಲಿ ಕಟ್ಟಿದ ಕಾರಿಗೆ ಕಾನೂನಿನಲ್ಲೇ ಒಂದು ಬಾಗಿಲಿದೆ. ವಿಶೇಷವಾಗಿ ನಿರ್ಮಿಸಿದ ವಾಹನ ಅಂತ ನೋಂದಾಯಿಸ್ತಾರೆ. ವರ್ಷಕ್ಕೆ ಮೊದಲ 500 ಅರ್ಜಿಗಳಿಗೆ, ಕಾರು ಯಾವ ವರ್ಷದ್ದನ್ನ ಹೋಲುತ್ತೋ ಆ ವರ್ಷದ ಹೊಗೆ ನಿಯಮವೇ ಅನ್ವಯ.

ನಮ್ಮಲ್ಲಿ ಆ ಬಾಗಿಲು ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ಹೊಂದದ ಹಾಗೆ ವಾಹನ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡೀತು. ಚಾವಣಿ ಕತ್ತರಿಸಿ, ಬೇರೆ ಕಂಪನಿಯ ದೊಡ್ಡ ಎಂಜಿನ್ ಹಾಕಿ ರಸ್ತೆಗಿಳಿಸಿದ್ರೆ ಆರ್‌ಟಿಒ ಹಿಡೀಬಹುದು. ಅಪಘಾತ ಆದ್ರೆ ವಿಮೆ ಕಂಪನಿಗೂ ಒಂದು ನೆಪ ಸಿಕ್ಕ ಹಾಗೆ. ಯಾರಿಗಾದ್ರೂ ಪೆಟ್ಟಾದ್ರೆ ಆ ಹೊರೆ ನಿಮ್ಮ ತಲೆ ಮೇಲೆ.

ಆದ್ರೆ ರಿಸ್ಟೋರ್ ಮಾಡೋರಿಗೆ 2021ರಲ್ಲಿ ಒಳ್ಳೇ ದಾರಿ ತೆರೀತು. 50 ವರ್ಷ ದಾಟಿದ, ವಾಣಿಜ್ಯಕ್ಕಲ್ಲದ ದ್ವಿಚಕ್ರ, ನಾಲ್ಕು ಚಕ್ರದ ವಾಹನ ಮೂಲ ರೂಪದಲ್ಲಿದ್ರೆ ವಿಂಟೇಜ್ ಅಂತ ನೋಂದಣಿ ಮಾಡಿಸ್ಬಹುದು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅರ್ಜಿ ಫಾರ್ಮ್ 20ರಲ್ಲಿ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ. ಮರು ನೋಂದಣಿಗೆ 5,000. ಹೊಸ ನಂಬರ್‌ನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಅಂತ ಬರುತ್ತೆ. ಈಗಾಗಲೇ ನೋಂದಣಿ ಇರೋ ಗಾಡಿಗೆ ಹಳೇ ನಂಬರ್ ಉಳಿಸ್ಕೊಳ್ಳೋಕೆ ಅವಕಾಶ ಇದೆ. ಒಂದು ಷರತ್ತು: ದಿನಾ ಆಫೀಸ್‌ಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ.

ಹಾಗಾದ್ರೆ ನಮ್ಮ ಅಂಬಾಸಿಡರ್?

ಚಿಕ್ಕಪ್ಪನ ಮಗನಿಗೆ ನಾನು ಫೋನ್‌ನಲ್ಲಿ ಹೇಳಿದ್ದು ಮೂರು ಕಾರಣ.

ಒಂದು, ರಚನೆ. ಫೋರ್ಡ್‌ಗೆ ಕೆಳಗೆ ಬೇರೆ ಚಾಸಿ, ಮೇಲೆ ಬೇರೆ ಬಾಡಿ. ಬಾಡಿಯಲ್ಲಿ ಏನು ಬೇಕಾದ್ರೂ ಕತ್ತರಿಸಿ, ಚಾಸಿ ಹೊರೆ ಹೊರುತ್ತೆ. ಅಂಬಾಸಿಡರ್ ಹುಟ್ಟಿದ್ದು ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ ತ್ರೀ ಇಂದ. ಅದರಲ್ಲಿ ಬಾಡಿಯೇ ಚಾಸಿ. ಚಾವಣಿ, ಕಂಬ, ನೆಲ ಎಲ್ಲಾ ಸೇರಿ ಭಾರ ಹೊರುತ್ತವೆ. ಚಾವಣಿ ಕತ್ತರಿಸಿ ರೋಡ್‌ಸ್ಟರ್ ಮಾಡಿದ್ರೆ ಗಾಡಿ ನಡುವಲ್ಲೇ ಕುಸಿಯುತ್ತೆ. ನೋಡೋಕೆ ಗಟ್ಟಿಮುಟ್ಟು, ಹಾಟ್ ರಾಡ್‌ಗೆ ಮಾತ್ರ ತಕ್ಕ ಗಾಡಿ ಅಲ್ಲ.

ಎರಡು, ಕಾನೂನು. ಅದನ್ನ ಮೇಲೆ ಹೇಳಿದ್ದೀನಿ.

ಮೂರು, ನಂಬರ್ ಪ್ಲೇಟ್. 1968ರಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ. ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ. ಆ ಕಾರಿನ ಮೇಲೆ ಈಗಲೂ ಹಳೇ 'ಎಂವೈ' ನಂಬರಿದೆ. ಕತ್ತರಿ ಹಾಕಿದ್ರೆ ಅದನ್ನ ಉಳಿಸ್ಕೊಳ್ಳೋ ಹಕ್ಕೇ ಹೋಗುತ್ತೆ.

ಆದ್ರೆ ಹಾಗೇ ಬಿಟ್ರೂ ಕಾರು ಉಳಿಯಲ್ಲ. ಆರ್‌ಸಿ ಇನ್ನೂ ಅಜ್ಜನ ಹೆಸರಲ್ಲಿದೆ, ಅಜ್ಜ ಈಗಿಲ್ಲ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರ್ಮ್ 31 ಇದೆ, ಮರಣ ಪತ್ರ, ವಾರಸುದಾರಿಕೆ ದಾಖಲೆ ಕೇಳ್ತಾರೆ. ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು, ನಾಲ್ವರೂ ಒಪ್ಪಬೇಕು. ಸ್ಪ್ಯಾನರ್ ಹಿಡಿಯೋ ಮೊದಲು ಆಗಬೇಕಾದ ಕೆಲಸ ಇದು. ನಿಮ್ಮ ಮನೇಲೂ ಹೀಗೇ ಒಂದು ಗಾಡಿ ಇದ್ರೆ ಮೊದಲು ಆರ್‌ಸಿ ಯಾರ ಹೆಸರಲ್ಲಿದೆ ನೋಡಿ, ಚಾಸಿ ನಂಬರ್, ಎಂಜಿನ್ ನಂಬರ್ ಫೋಟೋ ತೆಗೆದಿಡಿ. ಹಿರಿಯರು ಇರುವಾಗಲೇ ಸಹಿ ಹಾಕಿಸೋದು ಸುಲಭ.

ಹಾಗಂತ ಹುಡುಗನ ಉತ್ಸಾಹಕ್ಕೆ ನೀರು ಸುರಿಯೋದು ಬೇಡ. ಫೋರ್ಡ್ ಗ್ಯಾರೇಜ್‌ನಲ್ಲಿ ಕಲಿತ ಕ್ರಮ ಅಂಬಾಸಿಡರ್‌ಗೂ ಸಲ್ಲುತ್ತೆ: ದಾಖಲೆ, ಫೋಟೋ, ಕವರ್, ಮೊದಲು ಬ್ರೇಕ್, ಆಮೇಲೆ ವೈರಿಂಗ್, ಆಮೇಲೆ 1489 ಸಿಸಿ ಎಂಜಿನ್, ಕೊನೆಗೆ ಟಿಂಕರಿಂಗ್, ಪೇಂಟ್. ಅಪಾರ್ಟ್‌ಮೆಂಟ್‌ನಲ್ಲಿರೋರಿಗೂ ಕೆಲಸ ಇದೆ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್ ಮೋಟರ್, ಡ್ಯಾಶ್‌ಬೋರ್ಡಿನ ಮೀಟರ್ ಎಲ್ಲಾ ಕೈಚೀಲದಲ್ಲಿ ಹಿಡಿಯೋ ಸಾಮಾನು. ಊರಿಂದ ಬರುವಾಗ ಒಂದೊಂದೇ ತಂದು, ಬಾಲ್ಕನೀಲಿ ಪೇಪರ್ ಹಾಸ್ಕೊಂಡು ತೊಳೆದು ಜೋಡಿಸ್ಬಹುದು. ನಾನು ಪುಣೆಯಲ್ಲಿ ಕಾರ್ಬ್ಯುರೇಟರ್‌ನಿಂದ ಶುರು ಮಾಡೋಣ ಅಂತಿದ್ದೀನಿ. ಒಳಗೆ ಉಳಿದ ಪೆಟ್ರೋಲ್ ಪೂರ್ತಿ ಬಸಿದು, ಒಲೆಯಿಂದ ದೂರ ಇಟ್ಕೊಂಡು, ಹೆಂಡತಿ ಅನುಮತಿ ತಗೊಂಡು.

ಚಿಕ್ಕಪ್ಪನ ಮಾತಿನಲ್ಲೂ ನ್ಯಾಯ ಇದೆ. ಜಾಗ ತಿನ್ನುತ್ತೆ, ದುಡ್ಡು ತಿನ್ನುತ್ತೆ. ಅದಕ್ಕೇ ಯುಗಾದಿಗೆ ನಾನು ಇಡೋ ಪ್ರಸ್ತಾಪ ಇಷ್ಟೇ: ಒಂದು ವರ್ಷದ ಗಡುವು. ಅಷ್ಟರಲ್ಲಿ ಆರ್‌ಸಿ ಅಪ್ಪನ ಹೆಸರಿಗೆ ಬಂದು, ಬ್ರೇಕ್ ಸರಿಯಾಗಿ, ಎಂಜಿನ್ ತಿರುಗಿದ್ರೆ ಮುಂದುವರಿಸೋದು. ಆಗಲಿಲ್ಲ ಅಂದ್ರೆ ಅದನ್ನ ಪೂರ್ತಿಯಾಗಿ, ಕತ್ತರಿಸದೆ, ರಿಸ್ಟೋರ್ ಮಾಡೋ ಯಾರಿಗಾದ್ರೂ ಕೊಡೋದು. ಗುಜರಿಗೆ ಮಾತ್ರ ಬೇಡ. ಅಪ್ಪನಿಗೆ ಈಗ 74. ಅವರು ಡ್ರೈವಿಂಗ್ ಕಲಿತದ್ದು ಅದೇ ಸ್ಟೀರಿಂಗ್ ಹಿಡಿದು. ಈ ಗಡುವು ಕಾರಿಗಿಂತ ಹೆಚ್ಚಾಗಿ ನನಗೆ ಹಾಕ್ಕೊಂಡಿದ್ದು.

ಮುಂದಿನ ವಿಡಿಯೋದಲ್ಲಿ ಫಾರ್ಮ್ 31 ಹೇಗೆ ತುಂಬೋದು, ಯಾವ್ಯಾವ ದಾಖಲೆ ಜೋಡಿಸ್ಬೇಕು ಅಂತ ಹಂತಹಂತವಾಗಿ ತೋರಿಸ್ತೀನಿ. ಅಲ್ಲಿವರೆಗೂ ಊರಿಗೆ ಹೋದಾಗ ಶೆಡ್‌ನ ಬಾಗಿಲು ಒಮ್ಮೆ ತೆಗೆದು ನೋಡಿ. ಸಿಗೋಣ, ನಮಸ್ಕಾರ.